ಐವತ್ತು ಪೀಸಿಗೆ ಅಚ್ಚೇಕೆ?

ಬೆಳಿಗ್ಗೆ ಎಂಟರ ಹೊತ್ತಿಗೆ ನಾಯಂಡಹಳ್ಳಿ ಜಂಕ್ಷನ್ ಕಿಕ್ಕಿರಿದಿರುತ್ತದೆ. ಮೈಸೂರು ರಸ್ತೆ, ಹೊರವರ್ತುಲ ರಸ್ತೆ ಎರಡರ ವಾಹನಗಳೂ ಇಲ್ಲಿ ಸೇರುತ್ತವೆ. ತಲೆಯ ಮೇಲೆ ಕೆಂಗೇರಿ ಕಡೆಯ ಮೆಟ್ರೊ, ಪಕ್ಕದಲ್ಲಿ ಕಪ್ಪಾಗಿ ಹರಿಯುವ ವೃಷಭಾವತಿ. ಈ ಗದ್ದಲದ ನಡುವೆ ಹಳೇ ಡ್ರಮ್ಮು, ಮುರಿದ ಕುರ್ಚಿ, ಹಾಲಿನ ಕ್ರೇಟು, ಪೈಪಿನ ತುಂಡುಗಳನ್ನು ಎತ್ತರಕ್ಕೆ ಹೇರಿಕೊಂಡ ಗೂಡ್ಸ್ ಗಾಡಿಗಳು ಒಳರಸ್ತೆಗಳಿಗೆ ತಿರುಗುತ್ತವೆ. ಬೆಂಗಳೂರಿನ ಪ್ಲಾಸ್ಟಿಕ್ ಗುಜರಿ ಬಂದು ಬೀಳುವ ಜಾಗಗಳಲ್ಲಿ ನಾಯಂಡಹಳ್ಳಿ ದೊಡ್ಡದು. ಇಲ್ಲಿ ಅದನ್ನು ಬಿಡಿಸಿ, ಬಣ್ಣ ಮತ್ತು ಜಾತಿ ನೋಡಿ ಬೇರೆ ಮಾಡಿ, ತೊಳೆದು, ಪುಡಿ ಮಾಡುತ್ತಾರೆ.

ಇಲ್ಲಿಂದ ಉತ್ತರಕ್ಕೆ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ರಾಜಾಜಿನಗರ, ಪೀಣ್ಯದವರೆಗೂ ರೋಲಿಂಗ್ ಶಟರ್ ಅರ್ಧ ಎತ್ತಿದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು. ಒಳಗೆ ಲೇತ್ ತಿರುಗುತ್ತಿರುತ್ತದೆ. ಹೆಚ್ಚಿನ ಹೊತ್ತು ವಸ್ತುವನ್ನು ಹಿಡಿದು ತಿರುಗಿಸುವ ಅದರ ಚಕ್ಕಿನಲ್ಲಿ ಇರುವುದು ಉಕ್ಕು ಇಲ್ಲವೇ ಹಿತ್ತಾಳೆ. ಆದರೆ ಆಗಾಗ ಹಾಲುಬಿಳುಪಿನ ಒಂದು ರಾಡು ಅಲ್ಲಿ ಕೂರುತ್ತದೆ. ಟೂಲು ತಾಗಿದೊಡನೆ ಒತ್ತುಶ್ಯಾವಿಗೆಯ ಎಳೆಯಂತೆ ಉದ್ದನೆಯ ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಹೊರಬರುತ್ತದೆ. ಅದು ನೈಲಾನ್. ಪ್ಲಾಸ್ಟಿಕ್ ಎಂದರೆ ಕರಗಿಸಿ ಅಚ್ಚಿಗೆ ಹೊಯ್ಯುವ ವಸ್ತು ಎಂದಷ್ಟೇ ತಿಳಿದವರಿಗೆ ಲೋಹದಂತೆ ಅದನ್ನೂ ಕಡೆಯುತ್ತಾರೆ ಎಂಬುದು ಹೊಸ ಸುದ್ದಿ.

ಎರಡು ದಾರಿ

ಮನೆಯಲ್ಲಿರುವ ಬಕೆಟ್ಟು, ಬಾಚಣಿಗೆ, ಸ್ವಿಚ್ಚು, ಪೆನ್ನಿನ ಮುಚ್ಚಳ ಎಲ್ಲವೂ ಅಚ್ಚಿನಿಂದ ಬಂದವು. ಪ್ಲಾಸ್ಟಿಕ್ಕಿನ ಕಾಳನ್ನು, ಕಾರ್ಖಾನೆಯವರ ಮಾತಿನಲ್ಲಿ ದಾನಾವನ್ನು, ಬಿಸಿ ಮಾಡಿ ಕರಗಿಸುತ್ತಾರೆ. ಕರಗಿದ್ದನ್ನು ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ತಳ್ಳುತ್ತಾರೆ. ತಣ್ಣಗಾದ ಮೇಲೆ ಅಚ್ಚು ಬಾಯಿ ಬಿಡುತ್ತದೆ, ವಸ್ತು ಕೆಳಗೆ ಬೀಳುತ್ತದೆ. ಸಣ್ಣ ವಸ್ತುವಾದರೆ ಕೆಲವೇ ಸೆಕೆಂಡಿಗೆ ಒಂದು. ಇದೇ ಇಂಜೆಕ್ಷನ್ ಮೌಲ್ಡಿಂಗ್.

ಕಡೆಯುವ ದಾರಿ ಇದಕ್ಕೆ ತಿರುಗುಮುರುಗು. ಮೊದಲೇ ಗಟ್ಟಿಯಾಗಿ ತಯಾರಾದ ರಾಡು, ಪೈಪು ಅಥವಾ ಹಲಗೆ ತಂದು ಬೇಡದ್ದನ್ನು ತೆಗೆಯುತ್ತ ಹೋಗುವುದು. ದುಂಡಗಿನ ವಸ್ತುವಾದರೆ ಲೇತು, ಚಪ್ಪಟೆ ಮುಖ, ತೋಡು, ತೂತುಗಳಿದ್ದರೆ ಮಿಲ್ಲಿಂಗ್ ಯಂತ್ರ. ಈಗ ಎರಡನ್ನೂ ಕಂಪ್ಯೂಟರ್ ನಡೆಸುವುದುಂಟು. ಸಿಎನ್‌ಸಿ, ವಿಎಂಸಿ ಎಂಬ ಬೋರ್ಡುಗಳು ಪೀಣ್ಯದ ಬೀದಿ ಬೀದಿಯಲ್ಲೂ ಕಾಣುವುದು ಇದಕ್ಕೇ. ಕಡೆದ ವಸ್ತುವಿಗೆ ಅಚ್ಚಿನ ಖರ್ಚಿಲ್ಲ. ಆದರೆ ಪ್ರತಿ ಪೀಸಿಗೂ ಯಂತ್ರದ ಹೊತ್ತು, ಕೈಯ ಹೊತ್ತು ಹೊಸದಾಗಿ ಬೇಕು.

ಎಷ್ಟು ಪೀಸ್ ಬೇಕು?

ವರ್ಕ್‌ಶಾಪಿಗೆ ಡ್ರಾಯಿಂಗ್ ಹಿಡಿದು ಹೋದರೆ ಮೊದಲು ಎದುರಾಗುವ ಪ್ರಶ್ನೆ, ‘ಎಷ್ಟು ಪೀಸ್ ಬೇಕು ಸಾರ್?’ ಎಲ್ಲ ತೀರ್ಮಾನವೂ ಹೆಚ್ಚುಕಡಿಮೆ ಈ ಉತ್ತರದ ಮೇಲೆ ನಿಂತಿದೆ.

ಲೆಕ್ಕ ತಿಳಿಯಲೆಂದು ಹೀಗೆ ಇಟ್ಟುಕೊಳ್ಳೋಣ. ಶಾಫ್ಟ್ ಒಳಗೆ ತಿರುಗುವ ಉಂಗುರದಂಥ ಒಂದು ಬುಷ್‌ಗೆ ಅಚ್ಚು ಮಾಡಿಸಲು 3 ಲಕ್ಷ ರೂಪಾಯಿ. ಅಚ್ಚಿನಿಂದ ಬರುವ ಒಂದೊಂದು ಬುಷ್‌ಗೆ 6 ರೂಪಾಯಿ. ಅದೇ ಬುಷ್ ಕಡೆಸಿದರೆ ಒಂದಕ್ಕೆ 120 ರೂಪಾಯಿ. ಐವತ್ತು ಬೇಕಿದ್ದರೆ ಕಡೆಸಲು 6,000 ರೂಪಾಯಿ, ಅಚ್ಚಿನ ದಾರಿಯಲ್ಲಿ 3,00,300 ರೂಪಾಯಿ. ಒಂದೊಂದು ಪೀಸಿನಲ್ಲಿ ಉಳಿಯುವ 114 ರೂಪಾಯಿಯಿಂದ ಅಚ್ಚಿನ ದುಡ್ಡು ಮರಳಬೇಕಾದರೆ 2,600ಕ್ಕೂ ಹೆಚ್ಚು ಬುಷ್ ಮಾಡಬೇಕು. ಅಲ್ಲಿಂದಾಚೆಗೆ ಅಚ್ಚು ಗೆಲ್ಲುತ್ತದೆ, ಅದಕ್ಕಿಂತ ಈಚೆಗೆ ಲೇತು. ನಿಮ್ಮ ವಸ್ತುವಿನ ಬೆಲೆಗಳನ್ನು ಇದೇ ಲೆಕ್ಕದಲ್ಲಿ ಇಟ್ಟು ನೋಡಬಹುದು.

ದುಡ್ಡಿನ ಜೊತೆಗೆ ಕಾಲವೂ ಇದೆ. ಅಚ್ಚು ತಯಾರಾಗಲು ವಾರಗಟ್ಟಲೆ ಬೇಕು. ಕಡೆದ ಮೊದಲ ಪೀಸು ಮರುದಿನವೇ ಕೈಗೆ ಬರಬಹುದು. ಅದನ್ನು ಕೂರಿಸಿ ನೋಡಿ ತೂತು ಅರ್ಧ ಮಿಲಿಮೀಟರ್ ದೊಡ್ಡದಾಗಲಿ ಎಂದರೆ ಎರಡನೆಯ ಪೀಸಿನಲ್ಲೇ ತಿದ್ದಬಹುದು. ಅಚ್ಚಿನಲ್ಲಿ ಹಾಗಲ್ಲ. ಅಚ್ಚಿನ ಉಕ್ಕನ್ನು ಇನ್ನಷ್ಟು ತೆಗೆಯುವುದು ಸುಲಭ, ತೆಗೆದ ಮೇಲೆ ತುಂಬುವುದು ಕಷ್ಟ. ಹೊಸ ಯಂತ್ರವೊಂದನ್ನು ರೂಪಿಸುತ್ತಿರುವ ಸಣ್ಣ ಉದ್ದಿಮೆದಾರರು ವಿನ್ಯಾಸ ಕೈಗೂಡುವ ಮೊದಲೇ ಅಚ್ಚಿಗೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಮೊದಲ ನೂರು ಯಂತ್ರಗಳಿಗೆ ಕಡೆದ ಭಾಗಗಳೇ ಸಾಕು. ಅಷ್ಟರಲ್ಲಿ ಗಿರಾಕಿಗಳ ದೂರು ಬಂದು, ವಿನ್ಯಾಸ ನಾಲ್ಕು ಸಲ ಬದಲಾಗಿರುತ್ತದೆ.

ಗಾತ್ರದ ಮಾತೂ ಇದೆ. ಅಚ್ಚಿನ ವಸ್ತುವಿನ ಗೋಡೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ, ಎಲ್ಲೆಡೆ ಒಂದೇ ಸಮ ಇರಬೇಕು. ದಪ್ಪವಾದರೆ ಒಳಭಾಗ ನಿಧಾನವಾಗಿ ತಣಿದು ಮೇಲ್ಮೈ ಒಳಕ್ಕೆ ಕುಸಿಯುತ್ತದೆ, ಒಳಗೆ ಗುಳ್ಳೆ ನಿಲ್ಲುತ್ತದೆ. ಕಡೆಯುವಾಗ ಈ ಕಟ್ಟುಪಾಡಿಲ್ಲ. ಅಂಗೈಯಗಲದ ಗಟ್ಟಿ ಚಕ್ರವನ್ನೂ ಕಡೆಯಬಹುದು.

ಕಸುಬು ಬೇರೂರಿದ ಬಗೆ

ಪಶ್ಚಿಮ ಬೆಂಗಳೂರಿಗೆ ಈ ಕೆಲಸ ಹಿಡಿದದ್ದು ಲೋಹದ ಕೆಲಸದ ಬೆನ್ನಿಗೆ. 1953ರಲ್ಲಿ ಎಚ್‌ಎಂಟಿ ಶುರುವಾಗಿ ಜಾಲಹಳ್ಳಿಯಲ್ಲಿ ಲೇತುಗಳು ತಯಾರಾಗತೊಡಗಿದವು. ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಸ್ಥೆ ಸಿಎಂಟಿಐ ಬಂತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಜಿಟಿಟಿಸಿ ಶುರುವಾಗಿ, ರಾಜಾಜಿನಗರ ಕೈಗಾರಿಕಾ ವಸಾಹತುವಿನಲ್ಲಿ ಟೂಲ್ ಮತ್ತು ಡೈ ಮಾಡುವವರನ್ನು ತಯಾರು ಮಾಡತೊಡಗಿತು. ಇತ್ತ ಮೈಸೂರು ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ ಕವಿಕಾ, ಅದರಾಚೆ ಬಿಎಚ್‌ಇಎಲ್. ಈ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು ಸ್ವಂತ ವರ್ಕ್‌ಶಾಪ್ ಹಾಕಿದರು. ಎಷ್ಟೋ ಶೆಡ್ಡುಗಳಲ್ಲಿ ಹಳೆಯ ಎಚ್‌ಎಂಟಿ ಲೇತು ಇಂದಿಗೂ ದುಡಿಯುತ್ತಿದೆ.

ವಿದ್ಯುತ್ ಉಪಕರಣಗಳಿಗೆ ಕರೆಂಟು ಹರಿಯಗೊಡದ ಬಿಡಿಭಾಗಗಳು ಬೇಕು. ಬಟ್ಟೆ ಇಲ್ಲವೇ ಕಾಗದದ ಪದರಗಳನ್ನು ಬೇಕಲೈಟ್ ರಾಳದಲ್ಲಿ ಅದ್ದಿ ಒತ್ತಿದ ಕಂದು ಹಲಗೆಯನ್ನು ಕೊರೆದು, ಕತ್ತರಿಸಿ ಅವನ್ನು ಮಾಡುತ್ತಾರೆ. ವರ್ಕ್‌ಶಾಪಿನ ಬಾಯಲ್ಲಿ ಅದಕ್ಕೆ ಹೈಲಂ ಎಂದೇ ಹೆಸರು. ನೈಲಾನ್ ಬಂದು ಲೇತೇರುವ ಮೊದಲೇ ಈ ಹೈಲಂ ನಮ್ಮ ಟರ್ನರ್, ಫಿಟ್ಟರ್‌ಗಳಿಗೆ ಪರಿಚಿತ.

ಮುರಿದ ಗೇರು ಮತ್ತೆ ತಿರುಗುವುದು ಹೇಗೆ

ಹಳೆಯ ಮುದ್ರಣ ಯಂತ್ರದ ಒಂದು ಪ್ಲಾಸ್ಟಿಕ್ ಗೇರು ಮುರಿದಿದೆ, ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದೆ, ಬಿಡಿಭಾಗ ಸಿಗುವುದಿಲ್ಲ. ಮುರಿದ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಲೇತಿನವರ ಬಳಿ ಹೋದರೆ ಏನಾಗುತ್ತದೆ?

ಅವರು ಮೊದಲು ಹಲ್ಲು ಎಣಿಸುತ್ತಾರೆ. 40 ಇವೆ ಎನ್ನಿ. ತುಂಡುಗಳನ್ನು ಜೋಡಿಸಿ ವರ್ನಿಯರ್‌ನಿಂದ ಹೊರಗಿನ ವ್ಯಾಸ ಅಳೆಯುತ್ತಾರೆ. 62.8 ಮಿಲಿಮೀಟರ್ ಬಂತು. ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ 42, ವ್ಯಾಸವನ್ನು ಅದರಿಂದ ಭಾಗಿಸಿದರೆ 1.495. ಗೇರಿನ ಹಲ್ಲುಗಳಿಗೆ ಮಾಡ್ಯೂಲ್ ಎಂಬ ಗೊತ್ತಾದ ಅಳತೆಗಳಿವೆ. 1.495 ಎಂಬುದು ಆ ಪಟ್ಟಿಯಲ್ಲಿಲ್ಲ, 1.5 ಇದೆ. ಅಂದರೆ ಗೇರು ಸವೆದಿದೆ, ಮೂಲ ವ್ಯಾಸ 63. ಸವೆದ ಅಳತೆಯಿಂದ ಮೂಲ ಅಳತೆಯನ್ನು ಹಿಡಿಯುವ ಈ ಲೆಕ್ಕವನ್ನು ಒಳ್ಳೆಯ ಟರ್ನರ್ ಬಾಯಲ್ಲೇ ಮಾಡುತ್ತಾರೆ.

ಆಮೇಲೆ 65 ಮಿಲಿಮೀಟರ್‌ನ ನೈಲಾನ್ ರಾಡಿನಿಂದ ತುಂಡು ಕತ್ತರಿಸಿ, ಲೇತಿನಲ್ಲಿ 63ಕ್ಕೆ ಇಳಿಸಿ, ನಡುವೆ ಶಾಫ್ಟಿನ ತೂತು ಕೊರೆಯುತ್ತಾರೆ. ಅದನ್ನು ಮಿಲ್ಲಿಂಗ್ ಯಂತ್ರದ ಡಿವೈಡಿಂಗ್ ಹೆಡ್‌ಗೆ ಕಟ್ಟುತ್ತಾರೆ. ಇದರ ಹಿಡಿಕೆ 40 ಸುತ್ತು ತಿರುಗಿದರೆ ಕಟ್ಟಿದ ವಸ್ತು ಒಂದು ಸುತ್ತು ತಿರುಗುತ್ತದೆ. ನಮ್ಮ ಗೇರಿಗೂ 40 ಹಲ್ಲು. ಹಾಗಾಗಿ ಒಂದು ಹಲ್ಲಿನ ತೋಡು ಕೊರೆದ ಮೇಲೆ ಹಿಡಿಕೆಯನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿ ಮುಂದಿನದಕ್ಕೆ ಹೋದರಾಯಿತು. ತೋಡಿನ ಆಳ ಮಾಡ್ಯೂಲಿನ 2.25 ಪಟ್ಟು, ಅಂದರೆ ಸುಮಾರು 3.4 ಮಿಲಿಮೀಟರ್. ಕೊನೆಗೆ ಅಂಚಿನಲ್ಲಿ ನಿಂತ ಎಳೆಗಳನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ಒಂದೇ ಗೇರಿಗೆ ಅಚ್ಚು ಮಾಡಿಸುವ ಮಾತನ್ನು ಯಾರೂ ಆಡುವುದಿಲ್ಲ. ಒಂದು ಗೇರಿಲ್ಲದೆ ಗುಜರಿಗೆ ಹೋಗುತ್ತಿದ್ದ ಯಂತ್ರ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ.

ಹಿತ್ತಾಳೆ ಗೇರು ಮಾಡಿ ಗಟ್ಟಿ ಮಾಡಿಬಿಡೋಣ ಎಂದು ಗಿರಾಕಿ ಕೇಳುವುದುಂಟು. ಬೇಡ ಎನ್ನುವುದೇ ಸರಿ. ನೈಲಾನ್ ಗೇರು ಸದ್ದಿಲ್ಲದೆ ತಿರುಗುತ್ತದೆ, ಎಣ್ಣೆ ಹೆಚ್ಚು ಬೇಡದು. ಯಂತ್ರ ಸಿಕ್ಕಿಹಾಕಿಕೊಂಡಾಗ ತಾನು ಮುರಿದು ಪಕ್ಕದ ದುಬಾರಿ ಉಕ್ಕಿನ ಗೇರುಗಳನ್ನು ಉಳಿಸುತ್ತದೆ.

ನೈಲಾನ್, ಡೆಲ್ರಿನ್, ಟೆಫ್ಲಾನ್

ಕಡೆಯುವ ಪ್ಲಾಸ್ಟಿಕ್ ಎಲ್ಲವೂ ಒಂದಲ್ಲ. ಅಂಗಡಿಯಲ್ಲಿ ಎಲ್ಲವೂ ರಾಡಾಗಿ, ಹಲಗೆಯಾಗಿ, ತೂಕದ ಲೆಕ್ಕದಲ್ಲಿ ಸಿಗುತ್ತವೆ. ಬಿಳಿ ಬಣ್ಣದ ಮೂರು ರಾಡುಗಳನ್ನು ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸ ತಿಳಿಯದು, ಎತ್ತಿದರೆ ತಿಳಿಯುತ್ತದೆ. ಟೆಫ್ಲಾನ್ ಅದೇ ಗಾತ್ರದ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ, ನೈಲಾನ್ ನೀರಿಗಿಂತ ಸ್ವಲ್ಪ ಮಾತ್ರ ಭಾರ, ಡೆಲ್ರಿನ್ ನಡುವಿನದು.

ನೈಲಾನ್ ಗಟ್ಟಿ, ಅಗ್ಗ, ಸವೆತ ತಾಳುತ್ತದೆ. ಅದರ ದೌರ್ಬಲ್ಯ ನೀರು. ಡೆಲ್ರಿನ್ 1960ರಲ್ಲಿ ಡ್ಯುಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ವಸ್ತು. ಅದು ನೀರು ಹೀರುವುದು ತೀರಾ ಕಡಿಮೆ, ಅಳತೆ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಸಿಪ್ಪೆ ಚೊಕ್ಕವಾಗಿ ಬೀಳುತ್ತದೆ. ಟರ್ನರ್‌ಗಳಿಗೆ ಇದರ ಮೇಲೆ ಪ್ರೀತಿ ಜಾಸ್ತಿ. ಅಕ್ರಿಲಿಕ್ ಗಾಜಿನಂತೆ ಪಾರದರ್ಶಕ, ಆದರೆ ಬಿರುಕಿನ ಸ್ವಭಾವದ್ದು. ಪೀಕ್ ಎಂಬ ಕಂದು ಬಣ್ಣದ ರಾಡು 250 ಡಿಗ್ರಿ ಶಾಖದಲ್ಲೂ ಕೆಲಸ ಮಾಡುತ್ತದೆ. ನೈಲಾನ್ ಕಿಲೋಗೆ ನೂರಾರು ರೂಪಾಯಿಯಾದರೆ ಇದು ಸಾವಿರಾರು. ಪೀಕ್ ರಾಡು ಕೈಗೆ ಬಂದ ದಿನ ಯಾರೂ ಅವಸರ ಮಾಡುವುದಿಲ್ಲ.

ಟೆಫ್ಲಾನ್‌ನದು ಬೇರೆಯೇ ಸಂಗತಿ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡ ಈ ವಸ್ತು ಬಿಸಿಯಾದರೂ ಇತರ ಪ್ಲಾಸ್ಟಿಕ್‌ಗಳಂತೆ ಹರಿಯುವುದಿಲ್ಲ. ಹಾಗಾಗಿ ಇಂಜೆಕ್ಷನ್ ಅಚ್ಚಿನ ದಾರಿ ಇದಕ್ಕೆ ಮುಚ್ಚಿದೆ. ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಬೇಯಿಸಿ ರಾಡು ಮಾಡುತ್ತಾರೆ. ಆಮೇಲೆ ನಿಖರ ಅಳತೆಯ ಸೀಲು, ಉಂಗುರ, ವಾಲ್ವಿನ ಸೀಟು ಬೇಕೆಂದರೆ ಕಡೆಯಲೇಬೇಕು. ಇಲ್ಲಿ ಎರಡು ದಾರಿಗಳ ಆಯ್ಕೆಯೇ ಇಲ್ಲ.

ಯುಎಚ್‌ಎಂಡಬ್ಲ್ಯು ಎಂದು ಕರೆಯುವ ಅತಿ ಗಟ್ಟಿ ಪಾಲಿಎಥಿಲಿನ್ನೂ ಹಾಗೆಯೇ, ಅಚ್ಚಿನಲ್ಲಿ ಸುಲಭಕ್ಕೆ ಹರಿಯದು. ಸೊಂಟದ ಕೀಲು ಬದಲಿಸಿಕೊಂಡ ಎಷ್ಟೋ ಮಂದಿಯ ದೇಹದೊಳಗೆ ಇದನ್ನು ಕಡೆದು ಮಾಡಿದ ಬಟ್ಟಲಿದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಮೊದಲು ಟೆಫ್ಲಾನ್ ಬಟ್ಟಲನ್ನು ಹಾಕಿದ್ದರು. ಅದು ಬೇಗ ಸವೆದು ರೋಗಿಗಳಿಗೆ ತೊಂದರೆಯಾಯಿತು. 1962ರಲ್ಲಿ ಅವರು ಈ ಪಾಲಿಎಥಿಲಿನ್‌ಗೆ ಬದಲಾದ ಮೇಲೆ ಈ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ನೆಲೆಯೂರಿತು. ಜಾರುವ ಗುಣ ಒಂದನ್ನೇ ನೋಡಿದರೆ ಟೆಫ್ಲಾನ್ ಗೆಲ್ಲುತ್ತದೆ, ಸವೆತ ನೋಡಿದರೆ ಸೋಲುತ್ತದೆ. ಯಂತ್ರದ ಬುಷ್‌ಗೂ ಈ ಮಾತು ಸಲ್ಲುತ್ತದೆ.

ಶಾಖ ಹೋಗುವುದೆಲ್ಲಿಗೆ?

ಉಕ್ಕು ಕಡೆಯುವವರಿಗೆ ಪ್ಲಾಸ್ಟಿಕ್ ಮೃದು ಎನಿಸುತ್ತದೆ. ಕೆಡುವುದು ಅಲ್ಲೇ. ಉಕ್ಕು ನೈಲಾನ್‌ಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಲೋಹ ಕಡೆಯುವಾಗ ಹುಟ್ಟಿದ ಬಿಸಿ ಸಿಪ್ಪೆಯೊಡನೆ ಹೋಗುತ್ತದೆ, ಉಳಿದದ್ದು ವಸ್ತುವಿನೊಳಗೆ ಹರಡುತ್ತದೆ. ಪ್ಲಾಸ್ಟಿಕ್‌ನಲ್ಲಿ ಅದು ಟೂಲಿನ ಮೊನೆಯ ಬಳಿಯೇ ನಿಲ್ಲುತ್ತದೆ. ಮೊನೆ ಸ್ವಲ್ಪ ಮೊಂಡಾಗಿದ್ದರೂ ಕತ್ತರಿಸುವ ಬದಲು ಉಜ್ಜುತ್ತದೆ. ಮೇಲ್ಮೈ ಕರಗಿ ಬಳಿದುಕೊಳ್ಳುತ್ತದೆ, ತೂತು ಕೊರೆಯುವ ಡ್ರಿಲ್ಲಿಗೆ ಪ್ಲಾಸ್ಟಿಕ್ ಅಂಟಿಕೊಳ್ಳುತ್ತದೆ.

ಆದ್ದರಿಂದ ಪ್ಲಾಸ್ಟಿಕ್‌ಗೆ ಪ್ರತ್ಯೇಕ ಟೂಲು ಇಡುವುದು ಕ್ರಮ. ಉಕ್ಕು ಮುಟ್ಟಿದ ಟೂಲನ್ನು ಇದಕ್ಕೆ ಬಳಸಬಾರದು. ಮೊನೆ ಹರಿತವಾಗಿ, ನುಣುಪಾಗಿರಬೇಕು. ತಂಪಿಗೆ ಹೆಚ್ಚಾಗಿ ಗಾಳಿಯೇ ಸಾಕು, ಸಿಪ್ಪೆಯೂ ಹಾರಿಹೋಗುತ್ತದೆ. ಸಿಕ್ಕ ಕೂಲಂಟನ್ನೆಲ್ಲ ಅಕ್ರಿಲಿಕ್, ಪಾಲಿಕಾರ್ಬೊನೇಟ್ ಮೇಲೆ ಸುರಿದರೆ ಕೆಲವು ರಾಸಾಯನಿಕಗಳಿಂದ ಅವು ಸಣ್ಣದಾಗಿ ಬಿರಿಯುತ್ತವೆ. ಕಡೆದ ಅಕ್ರಿಲಿಕ್ ಅನ್ನು ಸ್ಪಿರಿಟ್ ಇಲ್ಲವೇ ಥಿನ್ನರ್‌ನಿಂದ ಒರೆಸಿದರೆ ಕಣ್ಣೆದುರೇ ಬಿರುಕು ಮೂಡುವುದುಂಟು.

ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಚನ್ನಪಟ್ಟಣದಲ್ಲಿ ಕುಶಲಕರ್ಮಿಗಳು ಇದೇ ಶಾಖವನ್ನು ಬೇಕೆಂದೇ ಹುಟ್ಟಿಸುತ್ತಾರೆ. ತಿರುಗುವ ಆಲೆಮರದ ಗೊಂಬೆಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಅರಗೂ ಒಂದು ಬಗೆಯ ಸಹಜ ಪ್ಲಾಸ್ಟಿಕ್ಕೇ.

ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಟೆಫ್ಲಾನ್ ಕಡೆಯುವ ಜಾಗದಲ್ಲಿ ಬೀಡಿ, ಸಿಗರೇಟು ಸೇದಬಾರದು. ಬೆರಳಿಗಂಟಿದ ಅದರ ಪುಡಿ ಸಿಗರೇಟಿನ ತುದಿಯಲ್ಲಿ ಸುಟ್ಟರೆ ಹೊರಡುವ ಹೊಗೆ ಚಳಿಜ್ವರದಂಥ ಕಾಯಿಲೆ ತರುತ್ತದೆ. ವೈದ್ಯರು ಇದನ್ನು ಬಹಳ ಕಾಲದಿಂದ ಗುರುತಿಸಿದ್ದಾರೆ. ಮಾಲೀಕರು ಇದನ್ನು ಹುಡುಗರಿಗೆ ಮೊದಲ ದಿನವೇ ಹೇಳಬೇಕು.

ಬೆಳಿಗ್ಗೆ ಒಂದು ಅಳತೆ, ಮಧ್ಯಾಹ್ನ ಇನ್ನೊಂದು

ಪ್ಲಾಸ್ಟಿಕ್ ಭಾಗಗಳ ಬಗ್ಗೆ ಗಿರಾಕಿ ಮತ್ತು ವರ್ಕ್‌ಶಾಪ್ ನಡುವೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಅಳತೆಯ ಜಗಳಗಳು. ಎಷ್ಟೋ ಸಲ ಇಬ್ಬರೂ ಸರಿಯಾಗಿಯೇ ಅಳೆದಿರುತ್ತಾರೆ.

100 ಮಿಲಿಮೀಟರ್ ಉದ್ದದ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ. ಅದೇ ಉದ್ದದ ನೈಲಾನ್ ಸುಮಾರು 0.08 ಮಿಲಿಮೀಟರ್ ಹಿಗ್ಗುತ್ತದೆ. ಲೇತಿನಿಂದ ಬಿಸಿಬಿಸಿಯಾಗಿ ತೆಗೆದ ನೈಲಾನ್ ಜಾಬ್‌ಗೆ ಆಗಲೇ ಮೈಕ್ರೋಮೀಟರ್ ಹಿಡಿದು ಸರಿ ಎಂದರೆ ತಣ್ಣಗಾದ ಮೇಲೆ ಅದು ಚಿಕ್ಕದಾಗಿರುತ್ತದೆ.

ನೀರಿನದು ಇನ್ನೊಂದು ಕಾಟ. ಸಾಮಾನ್ಯ ನೈಲಾನ್ 6 ನೀರಿನಲ್ಲಿ ಮುಳುಗಿದ್ದು ಹೊಟ್ಟೆ ತುಂಬ ಹೀರಿದರೆ ತನ್ನ ತೂಕದ ಶೇ 8–9ರಷ್ಟು ನೀರು ಹಿಡಿದಿಡುತ್ತದೆ, ಹಿಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಬುಷ್ ಹೊರಕ್ಕೆ ಹಿಗ್ಗಲು ಜಾಗವಿಲ್ಲದೆ ಒಳಕ್ಕೆ ಹಿಗ್ಗಿ ಶಾಫ್ಟನ್ನೇ ಹಿಡಿದು ನಿಲ್ಲಿಸುತ್ತದೆ. ‘ನೀರಲ್ಲಿ ಓಡತ್ತಾ ಸಾರ್?’ ಎಂದು ಟರ್ನರ್ ಕೇಳುವುದು ಸುಮ್ಮನೆ ಅಲ್ಲ. ಓಡುತ್ತದೆ ಎಂದಾದರೆ ಡೆಲ್ರಿನ್ ಒಳ್ಳೆಯದು.

ಟೆಫ್ಲಾನ್‌ನ ವರ್ತನೆ ಬೆಂಗಳೂರಿಗೆ ವಿಶೇಷವಾಗಿ ತಾಗುತ್ತದೆ. ಸುಮಾರು 19 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒಳಗಿನ ಹರಳಿನ ಜೋಡಣೆ ಬದಲಾಗಿ ಗಾತ್ರ ಸುಮಾರು ಶೇ 1ರಷ್ಟು ಏರುತ್ತದೆ. 100 ಮಿಲಿಮೀಟರ್ ಉಂಗುರದ ವ್ಯಾಸದಲ್ಲಿ ಇದು ಸುಮಾರು 0.3 ಮಿಲಿಮೀಟರ್. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ನಮ್ಮೂರಿನ ಶೆಡ್ಡುಗಳೊಳಗೆ 19ಕ್ಕಿಂತ ಕಡಿಮೆ ಇರುತ್ತದೆ, ಮಧ್ಯಾಹ್ನ ತಗಡಿನ ಚಾವಣಿ ಕಾದು 25 ದಾಟುತ್ತದೆ. ಬೆಳಿಗ್ಗೆ ಏಳಕ್ಕೆ ಸರಿಯಿದ್ದ ಸೀಲು ಎರಡು ಗಂಟೆಗೆ ದೊಡ್ಡದಾಗಿರುತ್ತದೆ. ಚೆನ್ನೈಯ ವರ್ಕ್‌ಶಾಪಿಗೆ ಈ ಕಾಟ ವಿರಳ. ಟೆಫ್ಲಾನ್ ಅಳೆಯುವುದಿದ್ದರೆ 23 ಡಿಗ್ರಿ ಅಥವಾ ಅದಕ್ಕೆ ಹತ್ತಿರದಲ್ಲಿ, ಜಾಬನ್ನು ಸಾಕಷ್ಟು ಹೊತ್ತು ಇಟ್ಟು ಅಳೆಯಬೇಕು. ಯಾವ ಶಾಖದಲ್ಲಿ ಅಳೆದದ್ದು ಎಂದು ಡ್ರಾಯಿಂಗ್ ಮೇಲೆ ಬರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ರಾಡಿನೊಳಗೆ ತಯಾರಿಯ ಕಾಲದಲ್ಲೇ ಉಳಿದ ಬಿಗಿತವೂ ಇರುತ್ತದೆ. ಮೇಲ್ಪದರ ತೆಗೆದೊಡನೆ ಅದು ಸಡಿಲಗೊಂಡು ವಸ್ತು ಬಾಗುತ್ತದೆ. ಅನುಭವಸ್ಥರು ಮೊದಲು ಒರಟಾಗಿ ಕಡೆದು, ಒಂದು ರಾತ್ರಿ ಇಟ್ಟು, ಮರುದಿನ ಕೊನೆಯ ಅಳತೆಗೆ ತರುತ್ತಾರೆ. ಮೂರು ದವಡೆಯ ಚಕ್ಕನ್ನು ಉಕ್ಕಿಗೆ ಬಿಗಿದಂತೆ ಬಿಗಿದರೆ ತೆಳುವಾದ ಉಂಗುರ ಅದುಮಿಕೊಳ್ಳುತ್ತದೆ. ಬಿಗಿದಾಗ ದುಂಡಗೆ ಕಡೆದದ್ದು ಬಿಚ್ಚಿದೊಡನೆ ಮುಕ್ಕೋಣದ ಕಡೆಗೆ ತಿರುಗುತ್ತದೆ.

ಅಂದ ಮೇಲೆ ಲೋಹದ ಭಾಗಕ್ಕೆ ಬರೆದ 0.01 ಮಿಲಿಮೀಟರ್ ಟಾಲರೆನ್ಸನ್ನು, ಅಂದರೆ ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆಯನ್ನು, ಹಾಗೇ ನೈಲಾನ್‌ಗೂ ಬರೆಯುವುದು ವ್ಯರ್ಥ. ಅಳತೆ ನಿಜವಾಗಿ ಬೇಕಾದ ಕಡೆ ಮಾತ್ರ ಬಿಗಿ ಬರೆಯಿರಿ, ಉಳಿದ ಕಡೆ ಸಡಿಲ ಬಿಡಿ. ಬೆಲೆಯೂ ಇಳಿಯುತ್ತದೆ.

ಅಚ್ಚೇ ಸರಿಯಾದ ಕಡೆ

ಸಾವಿರ ಸಾವಿರ ಬೇಕಾದ ವಸ್ತು, ತೆಳುವಾದ ಡಬ್ಬಿ, ಒಳಗೆ ಪಟ್ಟಿ, ಕೊಕ್ಕೆಗಳಿರುವ ಮುಚ್ಚಳ ಇವು ಅಚ್ಚಿನ ಪಾಲು. ಕಡೆಯಹೊರಟರೆ ರಾಡಿನ ಮುಕ್ಕಾಲು ಭಾಗ ಸಿಪ್ಪೆಯಾಗಿ ಹೋಗುತ್ತದೆ. ತ್ರೀಡಿ ಪ್ರಿಂಟಿಂಗ್ ಕೂಡ ಈಗ ಕೈಗೆಟಕುತ್ತದೆ, ಆಕಾರ ನೋಡಲು ಒಳ್ಳೆಯದು. ಆದರೆ ಸಾಮಾನ್ಯ ಪ್ರಿಂಟರ್‌ನಲ್ಲಿ ಪದರದ ಮೇಲೆ ಪದರ ಕೂರುವುದರಿಂದ ಪದರಗಳ ನಡುವೆ ಬಲ ಕಡಿಮೆ. ಭಾರ ಹೊರುವ ಬುಷ್, ಗೇರು, ರೋಲರ್‌ಗೆ ಗಟ್ಟಿ ರಾಡಿನಿಂದ ಕಡೆದದ್ದೇ ನಂಬಿಕೆಗೆ ಅರ್ಹ.

ವರ್ಕ್‌ಶಾಪಿಗೆ ಹೋಗುವಾಗ ಮುರಿದ ಭಾಗದ ಜೊತೆ ಅದು ಕೂರುವ ಶಾಫ್ಟನ್ನೂ ಸಾಧ್ಯವಾದರೆ ಒಯ್ಯಿರಿ. ನೀರು, ಶಾಖ, ಎಣ್ಣೆ, ಭಾರ ಯಾವುದು ಎಷ್ಟು ತಾಗುತ್ತದೆ ಎಂದು ಹೇಳಿ. ಆಹಾರಕ್ಕೆ ತಾಗುವ ಭಾಗವಾದರೆ ಅದನ್ನು ಮೊದಲೇ ಹೇಳಿ, ಅದಕ್ಕೆ ತಕ್ಕ ರಾಡನ್ನೇ ಕೇಳಿ. ಐವತ್ತು ಬೇಕಿದ್ದರೂ ಒಂದನ್ನು ಮೊದಲು ಮಾಡಿಸಿ, ಕೂರಿಸಿ, ಓಡಿಸಿ ನೋಡಿ.

ಸಿಪ್ಪೆ ಎಲ್ಲಿಗೆ?

ಕಡೆಯುವ ಕೆಲಸದ ಬೆನ್ನಿಗೇ ಸಿಪ್ಪೆಯ ರಾಶಿ ಬೀಳುತ್ತದೆ. ಉಕ್ಕು, ಹಿತ್ತಾಳೆಯ ಸಿಪ್ಪೆಯನ್ನು ಯಾರೂ ಎಸೆಯುವುದಿಲ್ಲ, ಅದಕ್ಕೆ ಬೆಲೆಯಿದೆ. ಪ್ಲಾಸ್ಟಿಕ್ ಸಿಪ್ಪೆಯನ್ನು ಕಸದೊಡನೆ ಗುಡಿಸಿಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ.

ನಾಯಂಡಹಳ್ಳಿಯ ವಿಂಗಡಣೆಯ ಕೈಗಳಿಗೆ ಇದೂ ಸರಕೇ. ಪಾಲಿಪ್ರೊಪಿಲಿನ್, ಪಾಲಿಎಥಿಲಿನ್ ನೀರಿನಲ್ಲಿ ತೇಲುತ್ತವೆ. ನೈಲಾನ್, ಡೆಲ್ರಿನ್, ಅಕ್ರಿಲಿಕ್, ಪಿವಿಸಿ ಮುಳುಗುತ್ತವೆ. ತೇಲಿದ್ದು, ಮುಳುಗಿದ್ದು ಬೇರೆಯಾಗಲು ಒಂದು ತೊಟ್ಟಿ ನೀರು ಸಾಕು. ಆದರೆ ಮುಳುಗಿದವುಗಳೊಳಗೆ ನೈಲಾನ್ ಯಾವುದು, ಡೆಲ್ರಿನ್ ಯಾವುದು ಎಂದು ಚೂರಾದ ಬಿಳಿ ಸಿಪ್ಪೆಯಲ್ಲಿ ಹುಡುಕುವುದು ಆಗದ ಮಾತು. ಎರಡೂ ಕರಗುವ ಶಾಖ ಬೇರೆ, ಬೆರೆಸಿ ಕರಗಿಸಿದರೆ ಯಾವುದಕ್ಕೂ ಬಾರದು. ಟೆಫ್ಲಾನನ್ನೂ ಹೈಲಂ ಅನ್ನೂ ಕರಗಿಸಿ ದಾನಾ ಮಾಡಲಾಗದು, ಅವು ಬೆರೆತರೆ ಇಡೀ ಚೀಲ ಕೆಟ್ಟಿತು. ಗುಡಿಸಿ ಚರಂಡಿಗೆ ತಳ್ಳಿದ ಚೂರು ವೃಷಭಾವತಿ ಸೇರಿ, ಬೈರಮಂಗಲ ಕೆರೆಗೆ ಹೋಗಿ, ಅದರ ನೀರು ಹಾಯಿಸುವ ಹೊಲಗಳನ್ನು ಮುಟ್ಟುತ್ತದೆ.

ವರ್ಕ್‌ಶಾಪ್ ಮಾಲೀಕರಲ್ಲಿ ಒಂದು ವಿನಂತಿ. ನೈಲಾನ್ ಮುಗಿಸಿ ಡೆಲ್ರಿನ್ ಚಕ್ಕಿಗೆ ಕಟ್ಟುವ ಮೊದಲು ಲೇತಿನ ಟ್ರೇ ಖಾಲಿ ಮಾಡಿಸಿ. ಒಂದೊಂದು ವಸ್ತುವಿಗೆ ಒಂದೊಂದು ಚೀಲ ಇಡಿ, ಮೇಲೆ ಅದರ ಹೆಸರನ್ನು ಮಾರ್ಕರ್‌ನಲ್ಲಿ ಬರೆಸಿ. ಹೆಸರಿರುವ ಚೀಲ ಕೊಂಡರೆ ಗುಜರಿಯವರಿಗೆ ಒಳಗಿರುವುದು ಏನೆಂದು ಗೊತ್ತಿರುತ್ತದೆ, ಬೆಲೆ ಕಟ್ಟಬಹುದು.